ನೂರು ಗಜ, ಐವತ್ತು ಮೀಟರ್

ಮಂಗಳೂರಿನ ಬಹುತೇಕ ಶಾಲೆಗಳ ಹೊರಗೋಡೆಯ ಮೇಲೆ ಒಂದು ಫಲಕವಿರುತ್ತದೆ. ಈ ವಿದ್ಯಾಸಂಸ್ಥೆಯಿಂದ ನೂರು ಗಜಗಳ ಅಂತರದೊಳಗೆ ತಂಬಾಕು ಉತ್ಪನ್ನಗಳ ಮಾರಾಟ ಶಿಕ್ಷಾರ್ಹ ಅಪರಾಧವೆಂದು ಅದು ಸಾರುತ್ತದೆ. 2003ರ ಕೇಂದ್ರ ಕಾಯ್ದೆ ಈ ಗೆರೆಯನ್ನು ಎಳೆದು ಎರಡು ದಶಕಗಳು ಸಂದಿವೆ. ಅದೇ ಗೋಡೆಯ ಸುತ್ತ ಇನ್ನೊಂದು ಗೆರೆಯೂ ಇದೆ. ಅದನ್ನು ಬಲ್ಲವರು ವಿರಳ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರಲ್ಲಿ ರೂಪಿಸಿ, 2021ರ ಜುಲೈ 1ರಿಂದ ಜಾರಿಗೆ ತಂದ ನಿಯಮಗಳ ಪ್ರಕಾರ ಕೊಬ್ಬು, ಸಕ್ಕರೆ, ಉಪ್ಪು ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಹಾಸ್ಟೆಲಿನ ಅಡುಗೆಮನೆಯಲ್ಲಾಗಲಿ, ಶಾಲೆಯ ಗೇಟಿನಿಂದ ಐವತ್ತು ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಈ ಎರಡನೆಯ ಗೆರೆಗೆ ಫಲಕ ಹಾಕಿದ ಶಾಲೆ ಅಪರೂಪ. ಗೆರೆಯ ಒಳಗೇ ಗೂಡಂಗಡಿ, ಬೇಕರಿಗಳು ನಿಂತಿವೆ; ಎಷ್ಟೋ ಕಡೆ ಶಾಲೆಯ ಕ್ಯಾಂಟೀನಿನ ಗಾಜಿನ ಕಪಾಟಿನಲ್ಲೇ ಚಿಪ್ಸ್ ಪೊಟ್ಟಣಗಳು, ಕ್ರೀಮ್ ಬನ್ನುಗಳು, ಬಣ್ಣಬಣ್ಣದ ಪಾನೀಯಗಳು ಸಾಲಾಗಿ ಕುಳಿತಿವೆ.

ಆಡಳಿತ ಮಂಡಳಿಗಳ ಸಭೆಗಳಲ್ಲಿಯೂ ಪಾಲಕರ ಸಭೆಗಳಲ್ಲಿಯೂ ಈ ವಿಷಯ ಪ್ರಸ್ತಾಪವಾದಾಗ ಒಂದು ಆಕ್ಷೇಪ ತಪ್ಪದೆ ಕೇಳಿಬರುತ್ತದೆ. ಮೊದಲು ಸಿಗರೇಟು, ಗುಟ್ಕಾ, ಈಗ ಹೊಸದಾಗಿ ಬಂದಿರುವ ವೇಪ್, ಇವುಗಳನ್ನು ತಡೆಯೋಣ. ಮಗು ದಪ್ಪಗಾಗುವುದು ಬಿಡುವುದು ಮನೆಯವರಿಗೆ ಸೇರಿದ್ದು ಎಂಬುದೇ ಆ ಆಕ್ಷೇಪ. ಇದನ್ನು ನಾನು ಒಪ್ಪಲಾರೆ. ತಂಬಾಕಿನ ತಡೆಗೆ ಶಾಲೆಗಳು ಯಾವ ಸ್ಥಾನ ನೀಡಿವೆಯೋ ಅದೇ ಸ್ಥಾನವನ್ನು ಮಕ್ಕಳ ಸ್ಥೂಲಕಾಯದ ತಡೆಗೂ ನೀಡಬೇಕು. ತಂಬಾಕನ್ನು ಹಿಮ್ಮೆಟ್ಟಿಸಿದ ಬಗೆಯಲ್ಲಿಯೇ ಬೊಜ್ಜನ್ನು ಎದುರಿಸುವ ದಾರಿಯೂ ಅಡಗಿದೆ. ಒಂದು ವಿಷಯದಲ್ಲಿ ಮಾತ್ರ ಆ ದಾರಿಯನ್ನು ಬಿಟ್ಟು ನಡೆಯಬೇಕು.

ತಂಬಾಕಿನ ಮಾತನ್ನು ಮಂಗಳೂರಿನಲ್ಲಿ ಆಡುವಾಗ ಸ್ವಲ್ಪ ವಿನಯ ಬೇಕು. ಇದು ಬೀಡಿಯ ಊರು. ಕಳೆದ ಶತಮಾನದುದ್ದಕ್ಕೂ ದಕ್ಷಿಣ ಕನ್ನಡದ ಸಾವಿರಾರು ಮನೆಗಳ ಚಾವಡಿಯಲ್ಲಿ ತಾಯಂದಿರು, ಅಕ್ಕಂದಿರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಕತ್ತರಿಸಿ, ತಂಬಾಕು ತುಂಬಿ, ನೂಲು ಸುತ್ತಿ ಬೀಡಿ ಕಟ್ಟಿದರು. ಇಂದು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವ ಎಷ್ಟೋ ಮಂದಿಯ ಶಾಲಾ ಶುಲ್ಕ ಆ ಕೂಲಿಯಿಂದ ಬಂದದ್ದು. ಅದು ಕಾಯಕ; ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಹಾಗಿದ್ದರೂ ಇದೇ ಜಿಲ್ಲೆಯ ಶಾಲೆಗಳು ಬೀಡಿ ಕಟ್ಟುವ ತಾಯಿಯ ಮಗುವಿಗೆ ತಂಬಾಕು ವಿಷವೆಂದು ಕಲಿಸಿದವು. ತಾಯಂದಿರೂ ಅದನ್ನೇ ಹೇಳಿದರು. ಜೀವನೋಪಾಯಕ್ಕೆ ಸೇರಿದ ವಿಷಯದಲ್ಲೇ ಇಷ್ಟು ನಿಷ್ಠುರವಾಗಿ ಸತ್ಯ ಹೇಳಬಲ್ಲ ಸಮಾಜ ಪೊಟ್ಟಣದ ತಿನಿಸಿನ ವಿಷಯದಲ್ಲಿ ಏಕೆ ಹಿಂಜರಿಯಬೇಕು?

ಫಲ ಕಾಣದೆ ಹೋಗಲಿಲ್ಲ. ವಯಸ್ಕರ ತಂಬಾಕು ಬಳಕೆಯ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ಪ್ರಮಾಣ 2009-10ರಲ್ಲಿ ಶೇ. 28.2 ಇದ್ದದ್ದು 2016-17ರ ವೇಳೆಗೆ ಶೇ. 22.8ಕ್ಕೆ ಇಳಿಯಿತು. 13ರಿಂದ 15 ವರ್ಷದ ಶಾಲಾಮಕ್ಕಳ ಕುರಿತ 2019ರ ಸಮೀಕ್ಷೆಯಲ್ಲಿ ದೇಶದ ಸರಾಸರಿ ಶೇ. 8.5 ಇದ್ದರೆ ಕರ್ನಾಟಕದ್ದು ಕೇವಲ ಶೇ. 1.2, ದೇಶದ ಅತ್ಯಂತ ಕಡಿಮೆ ಪ್ರಮಾಣಗಳಲ್ಲಿ ಅದೂ ಒಂದು. ಮಕ್ಕಳು ಇಂಥ ಪ್ರಶ್ನೆಗಳಿಗೆ ಉತ್ತರಿಸುವಾಗ ಎಲ್ಲವನ್ನೂ ಹೇಳಿಬಿಡುತ್ತಾರೆಂದು ನಂಬುವಷ್ಟು ಮುಗ್ಧರು ನಾವಲ್ಲ. ಆದರೂ ಒಂದು ತಲೆಮಾರಿನ ಹಿಂದೆ ಬಸ್ಸಿನಲ್ಲಿ, ಕಚೇರಿಯಲ್ಲಿ, ಕಡೆಗೆ ಆಸ್ಪತ್ರೆಯ ಪಡಸಾಲೆಯಲ್ಲಿಯೂ ಹೊಗೆ ಸೇವಿಸಿದವರಿಗೆ ಈ ಅಂತರ ಏನೆಂಬುದು ಗೊತ್ತು.

ಇದು ಸಾಧ್ಯವಾದುದು ಹೇಗೆ? ಪಾಠದಿಂದ, ಭಿತ್ತಿಚಿತ್ರದಿಂದ, ಪ್ರಬಂಧ ಸ್ಪರ್ಧೆಯಿಂದ ಎಂದು ಶಾಲೆಗಳು ಭಾವಿಸುತ್ತವೆ. ಅವುಗಳ ಪಾಲು ಇದೆ, ಆದರೆ ಅದು ಚಿಕ್ಕದು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನದ ನಿಷೇಧ ಬಿಗಿಯಾಯಿತು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. 2016ರಿಂದ ಪೊಟ್ಟಣದ ಶೇ. 85ರಷ್ಟು ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಿತು. 2019ರಲ್ಲಿ ಎಲೆಕ್ಟ್ರಾನಿಕ್ ಸಿಗರೇಟನ್ನು ದೇಶದಾದ್ಯಂತ ನಿಷೇಧಿಸಲಾಯಿತು. 2025ರಲ್ಲಿ ನಮ್ಮ ರಾಜ್ಯ ತಂಬಾಕು ಖರೀದಿಯ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಇವುಗಳಲ್ಲಿ ಯಾವುದೂ ಮಗುವಿನ ಮನೋಬಲವನ್ನು ನೆಚ್ಚಿ ಕುಳಿತ ಕ್ರಮವಲ್ಲ. ಮಗುವಿನ ಸುತ್ತಲಿನ ಜಗತ್ತನ್ನು ಹಿರಿಯರು ಬದಲಿಸಿದರು. ಸಿಗರೇಟು ದೂರವಾಯಿತು, ದುಬಾರಿಯಾಯಿತು, ಹಿರಿಯರ ಬಾಯಲ್ಲಿಯೂ ಕಾಣುವುದು ಕಡಿಮೆಯಾಯಿತು.

ಬೊಜ್ಜಿನ ವಿಷಯದಲ್ಲಿ ನಾವು ಇದರ ತದ್ವಿರುದ್ಧ ದಿಕ್ಕಿನಲ್ಲಿ ನಡೆದಿದ್ದೇವೆ. ತಿನಿಸು ಹತ್ತಿರ ಬಂದಿದೆ, ಅಗ್ಗವಾಗಿದೆ, ಹಿರಿಯರ ಕೈಯಿಂದಲೇ ಬಹುಮಾನವಾಗಿ ಮಗುವಿನ ಕೈ ಸೇರುತ್ತಿದೆ. ಆಮೇಲೆ ಮಗುವಿಗೆ ಬಾಯಿಕಟ್ಟು ಎಂದು ಬುದ್ಧಿ ಹೇಳುತ್ತೇವೆ.

ಸಂಖ್ಯೆಗಳನ್ನು ಒಮ್ಮೆ ನೋಡೋಣ. 2024ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 5ರಿಂದ 19 ವರ್ಷದ ಸ್ಥೂಲಕಾಯದ ಮಕ್ಕಳು 1990ರಲ್ಲಿ ಸುಮಾರು 4 ಲಕ್ಷವಿದ್ದವರು 2022ರಲ್ಲಿ 1.25 ಕೋಟಿಯಾಗಿದ್ದಾರೆ. ಜಗತ್ತಿನಲ್ಲಿ ಇದೇ ವಯಸ್ಸಿನ ಮಕ್ಕಳ ಪೈಕಿ ಕಡಿಮೆ ತೂಕದವರಿಗಿಂತ ಸ್ಥೂಲಕಾಯದವರೇ ಹೆಚ್ಚಾಗಿರುವುದು ಇದೇ ಮೊದಲು ಎಂದು ಯುನಿಸೆಫ್ 2025ರಲ್ಲಿ ವರದಿ ಮಾಡಿತು. ನಮ್ಮ ಸಮೀಪದ ಲೆಕ್ಕ ಬೇಕೆನ್ನುವವರಿಗೆ, ಮಂಗಳೂರಿನ ವೈದ್ಯಕೀಯ ಸಂಶೋಧಕರು ದಕ್ಷಿಣ ಕರ್ನಾಟಕದ 900 ಹದಿಹರೆಯದ ಶಾಲಾಮಕ್ಕಳನ್ನು ತೂಗಿ ಅಳೆದು 2010ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಹತ್ತರಲ್ಲಿ ಸುಮಾರು ಒಂದು ಮಗು ಅಧಿಕ ತೂಕದ್ದು, ಇಪ್ಪತ್ತರಲ್ಲಿ ಸುಮಾರು ಒಂದು ಮಗು ಸ್ಥೂಲಕಾಯದ್ದು ಎಂಬುದು ಅಂದಿನ ಫಲಿತಾಂಶ. ವಾರಕ್ಕೆ ಎರಡು ಗಂಟೆಗೂ ಕಡಿಮೆ ಆಡುವ ಮಕ್ಕಳಲ್ಲಿ ಈ ಅಪಾಯ ಹಲವು ಪಟ್ಟು ಹೆಚ್ಚಾಗಿತ್ತು. ಆಗಿನ್ನೂ ಪ್ರತಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ. ಮನೆಬಾಗಿಲಿಗೆ ಪಿಜ್ಜಾ ತರುವ ಹುಡುಗರೂ ಇಂದಿನಷ್ಟು ಕಾಣುತ್ತಿರಲಿಲ್ಲ.

ದುಂಡಗಿರುವ ಮಗು ಆರೋಗ್ಯದ ಮಗು ಎಂದು ನಂಬಿರುವ ಅಜ್ಜಿಯರನ್ನು ದೂರುವಂತಿಲ್ಲ. ಅವರು ಹಸಿವಿನ ಕಾಲ ಕಂಡವರು. ಮೊಮ್ಮಗನ ಕೆನ್ನೆ ತುಂಬಿದ್ದರೆ ಅವರ ಮನಸ್ಸು ತುಂಬುತ್ತದೆ. ಆದರೆ ವೈದ್ಯರ ಬಳಿ ಈಗ ಬರುತ್ತಿರುವ ದೂರುಗಳ ಸ್ವರೂಪ ಬೇರೆ. ಮಗುವಿನ ಕುತ್ತಿಗೆಯ ಹಿಂಬದಿ ಕಪ್ಪಾಗಿ, ಮಖಮಲ್ಲಿನಂತೆ ದಪ್ಪಗಾಗಿರುತ್ತದೆ. ತಾಯಿ ಅದನ್ನು ಕೊಳೆಯೆಂದು ಬಗೆದು ಸೋಪು ಹಾಕಿ ಉಜ್ಜಿ ಉಜ್ಜಿ ಸೋತಿರುತ್ತಾಳೆ. ಅದು ಕೊಳೆಯಲ್ಲ, ದೇಹದಲ್ಲಿ ಇನ್ಸುಲಿನ್ ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದೆ ಹೆಚ್ಚು ಹೆಚ್ಚು ಸ್ರವಿಸುತ್ತಿರುವುದರ ಗುರುತಾಗಿರಬಹುದು. ಅಂಥ ಮಕ್ಕಳಲ್ಲಿ ಕೆಲವರಿಗೆ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿರುತ್ತದೆ, ಕೆಲವರ ರಕ್ತದೊತ್ತಡ ಏರಿರುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗುತ್ತದೆ. ರಾತ್ರಿ ಗೊರಕೆ ಹೊಡೆಯುವ ಮಗು ಬೆಳಗಿನ ತರಗತಿಯಲ್ಲಿ ತೂಕಡಿಸಿ ಸೋಮಾರಿ ಎನಿಸಿಕೊಳ್ಳುತ್ತದೆ. 2016-18ರಲ್ಲಿ ನಡೆದ ಮಕ್ಕಳ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ಶಾಲಾ ವಯಸ್ಸಿನವರಲ್ಲಿ ಹತ್ತರಲ್ಲಿ ಒಬ್ಬರ ರಕ್ತ ಪರೀಕ್ಷೆ ಮಧುಮೇಹದ ಹೊಸ್ತಿಲನ್ನು ತೋರಿಸಿತ್ತು. ಹದಿಹರೆಯದಲ್ಲಿ ಸ್ಥೂಲಕಾಯವಿದ್ದ ಐವರಲ್ಲಿ ಸುಮಾರು ನಾಲ್ವರು ದೊಡ್ಡವರಾದ ಮೇಲೂ ಹಾಗೆಯೇ ಉಳಿಯುತ್ತಾರೆಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡ ಸಂಗತಿ. ಬೆಳೆದ ಮೇಲೆ ಇಳಿಯುತ್ತದೆ ಎಂಬ ಸಮಾಧಾನ ಹೆಚ್ಚಿನ ಮಕ್ಕಳ ಪಾಲಿಗೆ ಸುಳ್ಳಾಗುತ್ತದೆ.

ನಮ್ಮ ದೇಶದಲ್ಲಿ ಬೊಜ್ಜಿನ ಮಕ್ಕಳಿಗಿಂತ ಬಡಕಲು ಮಕ್ಕಳೇ ಹೆಚ್ಚಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದು. ಮೇಲೆ ಹೇಳಿದ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರ ಪೈಕಿ ಶೇ. 24 ಮಂದಿ ಕೃಶರು, ಶೇ. 5 ಮಂದಿ ಅಧಿಕ ತೂಕದವರು. ಆದರೆ ಇದನ್ನು ಎರಡು ಪ್ರತ್ಯೇಕ ಗುಂಪುಗಳ ಜಗಳವೆಂದು ನೋಡಬಾರದು. ಐದು ರೂಪಾಯಿಯ ಕುರುಕಲು ಪೊಟ್ಟಣ ಬಡ ಮಗುವಿನ ಹಸಿವನ್ನು ಕೊಂದು ಊಟವನ್ನು ಕಸಿಯುತ್ತದೆ. ಅದೇ ಪೊಟ್ಟಣ ಉಳ್ಳವರ ಮಗುವಿನ ಊಟದ ಮೇಲೆ ಇನ್ನಷ್ಟು ಕೊಬ್ಬನ್ನು ಹೇರುತ್ತದೆ. ಗೇಟಿನ ಮುಂದಿನ ಐವತ್ತು ಮೀಟರನ್ನು ಶುಚಿಗೊಳಿಸಿದರೆ ಇಬ್ಬರಿಗೂ ಉಪಕಾರ.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಸರ್ಕಾರಿ ಶಾಲೆಯ ಮಗುವಿಗೆ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದಲ್ಲಿ ಬಿಸಿ ಅನ್ನ, ಸಾರು, ತರಕಾರಿ ದೊರೆಯುತ್ತದೆ. 2013ರಿಂದ ಕ್ಷೀರಭಾಗ್ಯದ ಹಾಲು, ಈಚೆಗೆ ರಾಗಿಮಾಲ್ಟ್ ಕೂಡ ಸೇರಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಬೊಜ್ಜು ಹೆಚ್ಚಾಗಿ ಕಾಣುವುದು ದೊಡ್ಡ ಶುಲ್ಕದ ಖಾಸಗಿ ಶಾಲೆಗಳಲ್ಲಿ. ಅಲ್ಲಿಗೆ ಆ ತಂಡ ಹೋಗುವುದಿಲ್ಲ, ಅಲ್ಲಿ ಬಿಸಿಯೂಟವಿಲ್ಲ. ಮಗುವಿನ ಡಬ್ಬಿಯಲ್ಲಿ ಏನಿದೆಯೆಂದು ಕೇಳುವವರೂ ಇಲ್ಲ. ಹೆಚ್ಚು ಶುಲ್ಕ ತೆತ್ತ ಮಗುವಿಗೇ ಕಾವಲು ಕಡಿಮೆ.

ಖಾಸಗಿ ಶಾಲೆಗಳ ಪೈಕಿ ಕೇಂದ್ರ ಪಠ್ಯಕ್ರಮದವುಗಳಿಗಾದರೂ ಒಂದು ಸೂಚನೆ ಬಂದಿದೆ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಸಕ್ಕರೆ ಫಲಕಗಳನ್ನು ಹಾಕಲು ತಿಳಿಸಿತು. ದಿನದ ಒಟ್ಟು ಶಕ್ತಿಯಲ್ಲಿ ಸಕ್ಕರೆಯ ಪಾಲು ಶೇ. 5ನ್ನು ಮೀರಬಾರದೆಂಬ ಶಿಫಾರಸು ಇರುವಲ್ಲಿ 4ರಿಂದ 10 ವರ್ಷದ ಮಕ್ಕಳು ಶೇ. 13, 11ರಿಂದ 18 ವರ್ಷದವರು ಶೇ. 15 ಸೇವಿಸುತ್ತಿದ್ದಾರೆಂದು ಆ ಸುತ್ತೋಲೆ ಹೇಳಿತು. ಕೋಲಾ ಬಗೆಯ ಪಾನೀಯದಲ್ಲಿ 100 ಮಿ.ಲೀ.ಗೆ ಹತ್ತು ಹನ್ನೊಂದು ಗ್ರಾಂ ಸಕ್ಕರೆ ಇರುತ್ತದೆ, 250 ಮಿ.ಲೀ.ಯ ಪುಟ್ಟ ಬಾಟಲಿಯೊಂದರಲ್ಲಿ ಐದು ಚಮಚಕ್ಕೂ ಮಿಕ್ಕ ಸಕ್ಕರೆ. ಮನೆಯಲ್ಲಿ ಯಾವ ತಾಯಿಯೂ ಒಂದು ಲೋಟ ಪಾನಕಕ್ಕೆ ಐದು ಚಮಚ ಸಕ್ಕರೆ ಸುರಿಯುವುದಿಲ್ಲ. ಫಲಕ ಒಳ್ಳೆಯದೇ. ಆದರೆ ಫಲಕದ ಕೆಳಗೇ ಆ ಬಾಟಲಿ ಮಾರಾಟಕ್ಕಿದ್ದರೆ ಮಗು ಕಲಿಯುವ ಪಾಠ ಬೇರೆಯೇ ಆಗುತ್ತದೆ. ರಾಜ್ಯ ಪಠ್ಯಕ್ರಮದ ಶಾಲೆಗಳೂ ಆದೇಶಕ್ಕೆ ಕಾಯದೆ ಈ ಕೆಲಸ ಮಾಡಬಹುದು. ಅದಕ್ಕೆ ಬೇಕಾದದ್ದು ಒಂದು ಹಲಗೆ ಮತ್ತು ಬಣ್ಣ.

ತಂಬಾಕಿನ ದಾರಿಯನ್ನು ಬಿಡಬೇಕಾದ ಒಂದು ವಿಷಯವಿದೆ ಎಂದೆನಲ್ಲ, ಅದಕ್ಕೆ ಬರುತ್ತೇನೆ. ಧೂಮಪಾನವನ್ನು ನಾಚಿಕೆಯ ಸಂಗತಿಯಾಗಿ ಮಾಡಿದ್ದು ಸಮಾಜಕ್ಕೆ ಒಳಿತೇ ಆಯಿತು. ಬೊಜ್ಜನ್ನು ನಾಚಿಕೆಯ ಸಂಗತಿಯಾಗಿ ಮಾಡಿದರೆ ಮಗು ನಾಶವಾಗುತ್ತದೆ. ಸಿಗರೇಟನ್ನು ಕೈಯಿಂದ ಕೆಳಗೆ ಎಸೆಯಬಹುದು; ದೇಹವನ್ನು ಎಲ್ಲಿ ಎಸೆಯುವುದು? ತರಗತಿಯಲ್ಲಿ ‘ಡುಮ್ಮ’ ಎಂದು ಕರೆಸಿಕೊಂಡ ಹುಡುಗ ಆಟದ ಮೈದಾನದಿಂದಲೇ ದೂರ ಉಳಿಯುತ್ತಾನೆ, ಮನೆಗೆ ಬಂದು ಕದ್ದು ತಿನ್ನುತ್ತಾನೆ, ಇನ್ನೂ ದಪ್ಪಗಾಗುತ್ತಾನೆ. ಹದಿಮೂರರ ಹುಡುಗಿಯಾದರೆ ಊಟವನ್ನೇ ಬಿಟ್ಟು ಇನ್ನೊಂದು ಕಾಯಿಲೆಯ ಬಾಗಿಲು ತಟ್ಟುತ್ತಾಳೆ. ಮಗುವಿನ ತೂಕದ ಹಿಂದೆ ಮನೆತನದ ದೇಹಪ್ರಕೃತಿ, ನಿದ್ದೆ, ಕೆಲವೊಮ್ಮೆ ಥೈರಾಯ್ಡ್ ಅಥವಾ ಔಷಧಿಗಳ ಪರಿಣಾಮವೂ ಇರುತ್ತದೆ. ಆದ್ದರಿಂದ ಶಾಲೆಯಲ್ಲಿ ತೂಕ ನೋಡುವುದಾದರೆ ಪ್ರತ್ಯೇಕ ಕೋಣೆಯಲ್ಲಿ, ಒಬ್ಬೊಬ್ಬರನ್ನೇ ಕರೆದು ನೋಡಬೇಕು. ಅಂಕಿಯನ್ನು ಗಟ್ಟಿಯಾಗಿ ಓದಬಾರದು, ಸೂಚನಾ ಫಲಕದಲ್ಲಿ ಹಾಕಬಾರದು, ವಾಟ್ಸಾಪ್ ಗುಂಪಿಗಂತೂ ಕಳುಹಿಸಲೇಬಾರದು. ಮುಚ್ಚಿದ ಲಕೋಟೆಯಲ್ಲಿ ಪಾಲಕರಿಗೆ ತಿಳಿಸಬೇಕು. ದೊಡ್ಡವರ ಲೆಕ್ಕವನ್ನು ಮಕ್ಕಳಿಗೆ ಅನ್ವಯಿಸದೆ, ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ಸಿದ್ಧಪಡಿಸಿದ ವಯೋಮಾನದ ಬೆಳವಣಿಗೆ ನಕ್ಷೆಯನ್ನೇ ಬಳಸಬೇಕು. ಇಷ್ಟು ಎಚ್ಚರ ವಹಿಸಲಾರದ ಶಾಲೆ ತೂಕದ ಯಂತ್ರವನ್ನು ಹೊರಗೆ ತೆಗೆಯದಿರುವುದೇ ಲೇಸು. ಕ್ಯಾಂಟೀನು ಮತ್ತು ಆಟದ ವೇಳೆಯನ್ನು ಸರಿಪಡಿಸಲು ಯಾರ ತೂಕವೂ ಬೇಕಾಗಿಲ್ಲ.

ಆಟದ ವೇಳೆ ಎಂದೊಡನೆ ನಮ್ಮ ಜಿಲ್ಲೆಯ ಹೆಮ್ಮೆಯೊಂದನ್ನು ಮುಟ್ಟಬೇಕಾಗುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡವೇ ಮೊದಲು. ಸಂತೋಷ. ಆದರೆ ಈ ಹೆಮ್ಮೆಗೆ ತೆತ್ತ ಬೆಲೆಯಲ್ಲಿ ಆಟದ ಪೀರಿಯಡ್ಡೂ ಸೇರಿದೆ. ಒಂಬತ್ತನೆಯ ತರಗತಿಯಿಂದಲೇ ದೈಹಿಕ ಶಿಕ್ಷಣದ ಅವಧಿ ಗಣಿತಕ್ಕೋ ವಿಜ್ಞಾನಕ್ಕೋ ಹೋಗುವುದು, ಸಂಜೆ ಟ್ಯೂಷನ್, ರಾತ್ರಿ ಹನ್ನೊಂದರವರೆಗೆ ಓದು, ಬೆಳಿಗ್ಗೆ ಶಾಲಾ ವಾಹನಕ್ಕಾಗಿ ಅವಸರದ ಎಚ್ಚರ, ಇವು ಮಂಗಳೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಿನ ದೈಹಿಕ ಚಟುವಟಿಕೆ ಬೇಕೆನ್ನುತ್ತದೆ. ನಮ್ಮ ಹತ್ತನೆಯ ತರಗತಿಯ ಮಗುವಿಗೆ ವಾರಕ್ಕೆ ಅಷ್ಟು ದೊರೆತರೆ ಪುಣ್ಯ.

ಮಳೆಯ ನೆಪವೂ ಇದೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರುಗದ್ದೆ. ಆದರೆ ಕರಾವಳಿಗೆ ಇದಕ್ಕೆ ಉತ್ತರ ಹೊರಗಿನಿಂದ ಬರಬೇಕಾಗಿಲ್ಲ. ಯಕ್ಷಗಾನದ ಹೆಜ್ಜೆಯನ್ನು ಅರ್ಧ ಗಂಟೆ ಅಭ್ಯಾಸ ಮಾಡಿದ ಮಗುವಿನ ಮೈ ಬೆವರುವುದನ್ನು ನೋಡಿದವರಿಗೆ ಅದು ಎಂಥ ವ್ಯಾಯಾಮವೆಂಬುದು ತಿಳಿದಿದೆ. ಧೀಂಗಿಣ ಹಾಕುವ ಹುಡುಗನಿಗೆ ಬೇರೆ ಕಸರತ್ತು ಬೇಡ. ಹುಲಿವೇಷದ ಕುಣಿತ, ಯೋಗಾಸನ, ಮಲ್ಲಕಂಬ, ಸಭಾಂಗಣದ ಚಾಪೆಯ ಮೇಲೆ ಕಬಡ್ಡಿ, ಇವೆಲ್ಲವೂ ಛಾವಣಿಯ ಕೆಳಗೆ ಸಾಧ್ಯ. ಜಿಲ್ಲೆಯ ಅನೇಕ ಶಾಲೆಗಳಲ್ಲಿ ಯಕ್ಷಗಾನ ತರಗತಿ ಈಗಾಗಲೇ ಇದೆ. ಅದು ವಾರ್ಷಿಕೋತ್ಸವದ ಹದಿನೈದು ಮಕ್ಕಳಿಗೆ ಮೀಸಲಾಗದೆ ಎಲ್ಲರಿಗೂ ದೊರೆಯಬೇಕು.

ಡಬ್ಬಿಯ ವಿಷಯಕ್ಕೂ ಹಾಗೆಯೇ. ಕುಚ್ಚಲಕ್ಕಿಯ ಗಂಜಿ, ಹೆಸರುಕಾಳಿನ ಗಸಿ, ತೆಂಗಿನತುರಿ ಹಾಕಿದ ಹಬೆಯ ಕಡುಬು, ಮಳೆಗಾಲದ ಪತ್ರೊಡೆ, ಬಸಳೆ, ತೊಂಡೆಕಾಯಿ ಪಲ್ಯ, ಬಾಳೆಹಣ್ಣು, ಇವು ಈ ನೆಲದ ಊಟ. ಉತ್ತರದಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಭಕ್ತ ಕುಟುಂಬಗಳಿಗೆ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ ಇವೆ. ಗೋಳಿಬಜೆ, ಮಂಗಳೂರು ಬನ್ಸ್, ಗಡ್‌ಬಡ್ ಐಸ್‌ಕ್ರೀಮ್ ಕೂಡ ಇದೇ ಊರಿನವೇ, ಅವನ್ನು ಮಗುವಿನ ಬಾಳಿನಿಂದ ಗಡೀಪಾರು ಮಾಡಬೇಕೆಂದು ನಾನು ಹೇಳಲಾರೆ. ಅವು ಭಾನುವಾರದ ತಿಂಡಿಗಳು, ದಿನದ ಬುತ್ತಿಯಲ್ಲ. ಕೆಲಸಕ್ಕೆ ಹೋಗುವ ತಾಯಿ ಬೆಳಿಗ್ಗೆ ಆರು ಗಂಟೆಗೆ ಕಡುಬು ಬೇಯಿಸಬೇಕೆಂದು ಉಪದೇಶಿಸುವುದೂ ನ್ಯಾಯವಲ್ಲ. ಅಪ್ಪನಿಗೂ ಎರಡು ಕೈಗಳಿವೆ. ರಾತ್ರಿ ನೆನೆಹಾಕಿದ ಹೆಸರುಕಾಳು, ಎರಡು ಇಡ್ಲಿ, ಒಂದು ಬಾಳೆಹಣ್ಣು ಡಬ್ಬಿಗೆ ಸೇರಲು ಪಾಕಶಾಸ್ತ್ರ ಬೇಕಿಲ್ಲ.

ಮಠಮಾನ್ಯಗಳ ಶಾಲೆಗಳು ಈ ವಿಷಯದಲ್ಲಿ ಮುಂದೆ ನಿಲ್ಲಬೇಕೆಂಬುದು ನನ್ನ ಅಪೇಕ್ಷೆ. ಸಾವಿರಾರು ಮಕ್ಕಳಿಗೆ ಅನ್ನ ನೀಡಿ ಅಕ್ಷರ ಕಲಿಸಿದ ಪರಂಪರೆ ನಮ್ಮದು. ಸರ್ಕಾರ ತನ್ನ ಬಿಸಿಯೂಟಕ್ಕೆ ದಾಸೋಹವೆಂಬ ಹೆಸರನ್ನೇ ಇಟ್ಟುಕೊಂಡದ್ದು ಸುಮ್ಮನೆ ಅಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಸಾಲಿನಲ್ಲಿ ಕುಳಿತು ಒಂದೇ ಬಗೆಯ ಸರಳ ಊಟ ಮಾಡುತ್ತಾರೆ. ಜಪಾನಿನ ಶಾಲೆಗಳಲ್ಲಿ ಮಕ್ಕಳೇ ಸರದಿಯಂತೆ ತರಗತಿಯಲ್ಲಿ ಊಟ ಬಡಿಸುತ್ತಾರೆ. ಆಹಾರ ಶಿಕ್ಷಣಕ್ಕಾಗಿಯೇ ಆ ದೇಶ 2005ರಲ್ಲಿ ಕಾನೂನು ರೂಪಿಸಿತು. ಅದನ್ನು ಓದಿದಾಗ ಪಂಕ್ತಿಯಲ್ಲಿ ಬಡಿಸುವ ನಮ್ಮ ಹುಡುಗರೇ ನೆನಪಾಗುತ್ತಾರೆ.

ಆದರೆ ನಮ್ಮಲ್ಲಿಯೇ ತಿದ್ದಿಕೊಳ್ಳಬೇಕಾದದ್ದೂ ಇದೆ. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬುದು ನಮ್ಮ ಶ್ರದ್ಧೆ. ಬಿಡಬಾರದೆಂದರೆ ತುರುಕಿಕೊಳ್ಳಬೇಕೆಂದು ಅರ್ಥವಲ್ಲ. ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕೆಂದು ಅರ್ಥ. ಮಗು ಸಾಕೆಂದು ಕೈ ಅಡ್ಡ ಹಿಡಿದಾಗಲೂ ಇನ್ನೊಂದು ಸೌಟು ಪಾಯಸ ಹಾಕುವ ನಮ್ಮ ಪ್ರೀತಿಗೆ ಸ್ವಲ್ಪ ಸಂಯಮ ಬೇಕು. ಹುಟ್ಟುಹಬ್ಬಕ್ಕೆ ತರಗತಿಯ ಎಲ್ಲರಿಗೂ ಚಾಕೊಲೇಟ್ ಹಂಚುವ ರೂಢಿಯೂ ಹಾಗೆಯೇ. ನಲವತ್ತು ಮಕ್ಕಳ ತರಗತಿಯಲ್ಲಿ ವರ್ಷಕ್ಕೆ ನಲವತ್ತು ಹುಟ್ಟುಹಬ್ಬ. ಒಂದೊಂದು ಹಣ್ಣೋ, ಶಾಲೆಯ ಗ್ರಂಥಾಲಯಕ್ಕೆ ಒಂದು ಪುಸ್ತಕವೋ ಆ ಜಾಗವನ್ನು ತುಂಬಬಲ್ಲದು. ಕ್ರೀಡಾಕೂಟದಲ್ಲಿ ಓಡಿ ಗೆದ್ದ ಮಗುವಿಗೆ ತಂಪು ಪಾನೀಯ ಕುಡಿಸುವ ವಿಪರ್ಯಾಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಸರ್ಕಾರದ ಪಾಲು ಉಳಿದೇ ಇದೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಬದಲಾದಾಗ ತಂಪು ಪಾನೀಯಗಳನ್ನು ಶೇ. 40ರ ದರಕ್ಕೆ ಸೇರಿಸಿದ್ದು ಸರಿಯಾದ ಹೆಜ್ಜೆ. ಅದೇ ದಿನ ಬಿಸ್ಕತ್ತು, ಚಾಕೊಲೇಟು, ಐಸ್‌ಕ್ರೀಮುಗಳ ತೆರಿಗೆ ಶೇ. 18ರಿಂದ 5ಕ್ಕೆ ಇಳಿಯಿತು. ಒಂದು ಕೈ ಬಾಗಿಲು ಮುಚ್ಚಿತು, ಇನ್ನೊಂದು ಕೈ ಕಿಟಕಿ ತೆರೆಯಿತು. ತಿನಿಸಿನ ಪೊಟ್ಟಣದ ಮುಂಭಾಗದಲ್ಲಿ ಗುಣಮಟ್ಟ ಸೂಚಿಸುವ ನಕ್ಷತ್ರ ಮಾದರಿಯ ಕರಡು 2022ರಲ್ಲಿ ಪ್ರಕಟವಾಯಿತು. ಉತ್ಪಾದಕರಿಗೆ ಹಿತವೆನಿಸುವ ಮಾದರಿ ಅದು. ಚಿಲಿ ದೇಶ 2016ರಲ್ಲಿ ಸಕ್ಕರೆ ಹೆಚ್ಚು, ಉಪ್ಪು ಹೆಚ್ಚು ಎಂದು ಕಪ್ಪು ಅಷ್ಟಕೋನದಲ್ಲಿ ನೇರವಾಗಿ ಬರೆಸಿತು, ಅಂಥ ಗುರುತುಳ್ಳ ತಿನಿಸುಗಳನ್ನು ಶಾಲೆಯಿಂದ ಹೊರಗಿಟ್ಟಿತು. ಅಕ್ಷರ ಬಾರದ ಅಜ್ಜಿಗೂ ತಿಳಿಯುವ ಗುರುತು ಬೇಕು. ಸಿಗರೇಟಿನ ಪೊಟ್ಟಣದ ಮೇಲೆ ಅದನ್ನು ಮಾಡಿ ತೋರಿಸಿದ ದೇಶಕ್ಕೆ ಇದು ಅಸಾಧ್ಯವಲ್ಲ.

ಕೊನೆಗೆ ಗೇಟಿನ ಮುಂದಿನ ಗೂಡಂಗಡಿಯವರ ಮಾತು. ಅವರನ್ನು ಪೊಲೀಸರಿಂದ ಎಬ್ಬಿಸಿದರೆ ಎರಡು ತಿಂಗಳಲ್ಲಿ ಇನ್ನೊಬ್ಬರು ಬಂದು ಕೂರುತ್ತಾರೆ. ಅವರಿಗೂ ಹೊಟ್ಟೆಪಾಡಿದೆ, ಅವರ ಮಕ್ಕಳೂ ಯಾವುದೋ ಶಾಲೆಯಲ್ಲಿ ಓದುತ್ತಿದ್ದಾರೆ. ಬರುವ ಜೂನ್‌ಗೆ ಶಾಲೆ ತೆರೆಯುವ ಮೊದಲು ಮುಖ್ಯೋಪಾಧ್ಯಾಯರು, ಇಬ್ಬರು ಪಾಲಕರು, ಮಹಾನಗರ ಪಾಲಿಕೆಯ ಆರೋಗ್ಯ ನಿರೀಕ್ಷಕರು ಸೇರಿ ಗೇಟಿನಿಂದ ಐವತ್ತು ಮೀಟರ್ ಅಳೆದು, ಒಳಗಿರುವ ಅಂಗಡಿಗಳವರನ್ನು ಶಾಲೆಗೆ ಕರೆದು ಕೂರಿಸಿ ಮಾತನಾಡಲಿ. ಬೇಯಿಸಿದ ಕಡಲೆ, ನೆಲಗಡಲೆ, ಎಣ್ಣೆ ಮಿತವಾದ ಚರುಮುರಿ, ಕತ್ತರಿಸಿದ ಮಾವು ಸೌತೆ, ಬಾಳೆಹಣ್ಣು, ಮಜ್ಜಿಗೆ, ಎಳನೀರು, ಇವುಗಳನ್ನು ಮಾರುವುದಾದರೆ ಶಾಲೆಯ ಕಾರ್ಯಕ್ರಮಗಳ ತಿಂಡಿಯ ಖರೀದಿಯನ್ನು ಅವರಿಂದಲೇ ಮಾಡುತ್ತೇವೆಂದು ಬರೆದುಕೊಡಲಿ. ತಂಬಾಕಿನ ಫಲಕದ ಪಕ್ಕದಲ್ಲಿ ಎರಡನೆಯ ಫಲಕವನ್ನು ಆಮೇಲೆ ಹಾಕಬಹುದು.